ಎರಡು ನಾಟಕಗಳ ನಡುವಿನ ಲಂಕೇಶ್

ಪಿ. ಲಂಕೇಶರನ್ನು ಕುರಿತು ಮಾತನಾಡುವವರು ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಿಂದ ಆರಂಭಿಸುವುದು ವಾಡಿಕೆ. 1935ರ ಮಾರ್ಚ್ 8ರಂದು ಅವರು ಹುಟ್ಟಿದ್ದು ಆ ಹಳ್ಳಿಯಲ್ಲಿ. ಹುಮನಾಬಾದಿನವನಾದ ನಾನು ನಮ್ಮ ನೆರೆಯ ಬಸವಕಲ್ಯಾಣದಿಂದ ಆರಂಭಿಸುತ್ತೇನೆ. ಲಂಕೇಶರ ‘ಸಂಕ್ರಾಂತಿ’ ನಾಟಕದ ಭೂಮಿ ಅದು. ಕಾಲ 12ನೆಯ ಶತಮಾನ, ಬಿಜ್ಜಳನ ಆಳ್ವಿಕೆಯ ದಿನಗಳು.

ಕಲ್ಯಾಣದ ಕಥೆ ನಮ್ಮ ಕಡೆಯ ಮಕ್ಕಳಿಗೆ ಪುಸ್ತಕದಿಂದ ಬರುವುದಿಲ್ಲ. ಮಠದ ಪುರಾಣ ಪ್ರವಚನಗಳಲ್ಲಿ, ಹಿರಿಯರ ಮಾತುಗಳಲ್ಲಿ ಅದು ತಾನಾಗಿ ಕಿವಿಗೆ ಬೀಳುತ್ತದೆ. ಬ್ರಾಹ್ಮಣ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆಯಾಯಿತು. ಬಿಜ್ಜಳ ಆ ತಂದೆಯರಿಬ್ಬರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದ. ಕಲ್ಯಾಣ ಹೊತ್ತಿ ಉರಿಯಿತು. ಈ ಕಥೆಯಲ್ಲಿ ಅರಸನಿಗೆ ಶಿಕ್ಷೆ ವಿಧಿಸುವುದಲ್ಲದೆ ಬೇರೆ ಕೆಲಸವಿಲ್ಲ. ಅವನಿಗೂ ಒಂದು ಮನಸ್ಸಿತ್ತೆಂದು ಯೋಚಿಸುವ ಅಗತ್ಯ ನಮಗಾರಿಗೂ ಕಂಡಿರಲಿಲ್ಲ.

ಲಂಕೇಶರು ಮಾಡಿದ್ದು ಇಲ್ಲಿಯೇ. ಮದುವೆಯ ಜಾಗದಲ್ಲಿ ಅವರು ಒಂದು ಪ್ರೇಮವನ್ನಿಟ್ಟರು. ರುದ್ರ ಅಸ್ಪೃಶ್ಯ ತರುಣ, ಉಷಾ ಬ್ರಾಹ್ಮಣರ ಹುಡುಗಿ. ರುದ್ರ ಶರಣಮಾರ್ಗಕ್ಕೆ ಬಂದು ತನ್ನ ನಡೆ ನುಡಿ ಊಟಗಳನ್ನೆಲ್ಲ ತಿದ್ದಿಕೊಳ್ಳುತ್ತಾನೆ. ತಿದ್ದಿಕೊಂಡಷ್ಟೂ ಉಷಾಳಿಗೆ ಅಪರಿಚಿತನಾಗುತ್ತಾನೆ, ಏಕೆಂದರೆ ಅವಳು ಮೆಚ್ಚಿದ್ದು ಮೊದಲಿನ ರುದ್ರನನ್ನು. ಅವನ ಕೇರಿಯ ಹಿರಿಯ ಉಜ್ಜನಿಗಂತೂ ಹಳೆಯ ಬದುಕನ್ನು ಬಿಟ್ಟುಕೊಡುವ ಮನಸ್ಸೇ ಇಲ್ಲ. ಇತ್ತ ಬಿಜ್ಜಳ ಚತುರ, ಸಂಶಯಿ, ಮಾತಿಗೆ ಮಾತು ಕೊಡಬಲ್ಲವನು. ಬಸವಣ್ಣನ ಎದುರು ನಿಂತು ಅವನು ಕೇಳುವ ಪ್ರಶ್ನೆಗಳನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಗುಲಬರ್ಗಾದಲ್ಲಿ ಎಂ.ಎ. ಓದುತ್ತಿದ್ದಾಗ ಮೊದಲ ಬಾರಿಗೆ ಈ ನಾಟಕವನ್ನು ಓದಿ ನನಗೆ ಇರುಸುಮುರುಸಾಯಿತು. ನಮ್ಮ ಮನೆಯ ದೇವರಕೋಣೆಯ ಪಟವನ್ನು ಯಾರೋ ಕೆಳಗಿಳಿಸಿ ಅಂಗಳದಲ್ಲಿಟ್ಟು ಮಾತನಾಡಿಸಿದಂತಿತ್ತು. ಲಂಕೇಶರೇನೂ ಹೊರಗಿನವರಲ್ಲ, ಲಿಂಗಾಯತ ಮನೆತನದಲ್ಲಿ ಹುಟ್ಟಿದವರೇ. ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಬಂದದ್ದು ಆಮೇಲೆ. ಕಲ್ಯಾಣವನ್ನು ಪ್ರಶ್ನೆಯಾಗಿ ನೋಡುವ ದಾರಿಯನ್ನು ‘ಸಂಕ್ರಾಂತಿ’ 1970ರ ದಶಕದ ಆರಂಭದಲ್ಲಿಯೇ ತೆರೆದಿತ್ತು.

ಆಗ ಲಂಕೇಶರು ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರು. ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಕಥಾಸಂಕಲನ 1963ರಲ್ಲಿ, ‘ಬಿರುಕು’ ಕಾದಂಬರಿ 1967ರಲ್ಲಿ ಬಂದಿದ್ದವು. ಸಾಗರದ ಅಕ್ಷರ ಪ್ರಕಾಶನಕ್ಕಾಗಿ ಸಂಪಾದಿಸಿದ ‘ಅಕ್ಷರ ಹೊಸ ಕಾವ್ಯ’ 1970ರದು. ಆಯುವ ಕಣ್ಣು, ಬಿಡುವ ಧೈರ್ಯ ಎರಡೂ ಇದ್ದ ಸಂಪಾದಕ ಅಲ್ಲಿಯೇ ಕಾಣಿಸಿಕೊಂಡಿದ್ದಾನೆ. ಸಾಫೋಕ್ಲಿಸನ ನಾಟಕಗಳನ್ನೂ ಬೋದಿಲೇರನ ಕವಿತೆಗಳನ್ನೂ ಕನ್ನಡಕ್ಕೆ ತಂದರು.

ಸಿನಿಮಾದ ಅಧ್ಯಾಯ ಸಣ್ಣದು. 1970ರ ‘ಸಂಸ್ಕಾರ’ದಲ್ಲಿ ನಾರಣಪ್ಪನಾಗಿ ಅಭಿನಯಿಸಿದರು. ತಮ್ಮ ‘ಬಿರುಕು’ವನ್ನೇ ಆಧರಿಸಿ 1976ರಲ್ಲಿ ‘ಪಲ್ಲವಿ’ಯನ್ನು ನಿರ್ದೇಶಿಸಿದರು, ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ‘ಅನುರೂಪ’, ‘ಖಂಡವಿದೆಕೋ ಮಾಂಸವಿದೆಕೋ’, ‘ಎಲ್ಲಿಂದಲೋ ಬಂದವರು’ ಇವುಗಳೊಂದಿಗೆ ಆ ಕೆಲಸ ಮುಗಿಯಿತು. ಕಾದಂಬರಿಕಾರನೊಬ್ಬ ತನ್ನ ಕಾದಂಬರಿಗೆ ತಾನೇ ಚಿತ್ರಕಥೆ ಬರೆಯುವಾಗ ಮೊದಲು ಕತ್ತರಿ ಬೀಳುವುದು ವರ್ಣನೆಗೆ. ನಾಲ್ಕು ಚಿತ್ರಗಳ ಈ ಕತ್ತರಿಯ ಅಭ್ಯಾಸವೇ ಅವರ ಮುಂದಿನ ಗದ್ಯಕ್ಕೆ ಆ ಬಿಗಿಯನ್ನು ಕೊಟ್ಟಿತೆಂದು ನಾನು ಭಾವಿಸುತ್ತೇನೆ.

ಆ ಗದ್ಯವನ್ನು ನಾಡು ಕಂಡದ್ದು 1980ರ ಜುಲೈಯಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ಯಲ್ಲಿ. ಅಧ್ಯಾಪಕ ವೃತ್ತಿಯನ್ನು ಅಷ್ಟರೊಳಗೆ ಅವರು ಬಿಟ್ಟಾಗಿತ್ತು. ಪತ್ರಿಕೆಗೆ ಜಾಹೀರಾತಿಲ್ಲ, ಓದುಗ ಕೊಟ್ಟ ದುಡ್ಡೇ ಬಂಡವಾಳ. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದ ಕಾಲ ಅದು. ಆ ಸರ್ಕಾರವನ್ನು ಪತ್ರಿಕೆ ವಾರವಾರವೂ ಬೆನ್ನಟ್ಟಿತು. ಉರ್ದು, ಮರಾಠಿಗಳ ನಡುವೆ ಕನ್ನಡ ಓದುವ ನಮ್ಮಂಥವರಿಗೆ ಅದು ತಡವಾಗಿ, ಹಲವು ಕೈ ದಾಟಿ ಸಿಗುತ್ತಿತ್ತು. ವಿಧಾನಸೌಧದ ಸುದ್ದಿಯನ್ನು ಚಹದಂಗಡಿಯ ಕನ್ನಡದಲ್ಲಿ ಹೇಳಬಹುದೆಂಬುದು ನಮಗೆ ಹೊಸದಾಗಿತ್ತು. ಆ ಭಾಷೆ ಅನೇಕರನ್ನು ಅಗತ್ಯಕ್ಕಿಂತ ಹೆಚ್ಚಾಗಿ ಗಾಯಗೊಳಿಸಿತೆಂಬುದೂ ನಿಜ. ಅಡ್ಡಹೆಸರಿಟ್ಟು ನಗುವ ಚಟದಿಂದ ಪತ್ರಿಕೆ ತಪ್ಪಿಸಿಕೊಳ್ಳಲಿಲ್ಲ.

ಆದರೆ ಅದೇ ಪುಟಗಳು ಬೇರೆಯವರಿಗೆ ಬಾಗಿಲಾದವು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಇಲ್ಲಿ. ಬಾನು ಮುಷ್ತಾಕ್ ಇದೇ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದವರು; ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನನಗೆ ನೆನಪಾದದ್ದು ಆ ಅಗ್ಗದ ಕಾಗದದ ವಾರಪತ್ರಿಕೆ.

ಪತ್ರಿಕೆ ಸಾಹಿತಿಯನ್ನು ನುಂಗಿತು ಎಂಬ ದೂರು ಅಧ್ಯಾಪಕ ವಲಯದಲ್ಲಿ ಬಹುಕಾಲ ಇತ್ತು. ಇದನ್ನು ನಾನು ಒಪ್ಪಲಾರೆ. ‘ಕಲ್ಲು ಕರಗುವ ಸಮಯ’ದ ಕಥೆಗಳು ಪತ್ರಿಕೆಯ ದುಡಿಮೆಯ ನಡುವೆಯೇ ಹುಟ್ಟಿದವು, ಆ ಸಂಕಲನಕ್ಕೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದಕ್ಕಿಂತ ದೊಡ್ಡ ಸಾಕ್ಷಿ ಅದೇ ವರ್ಷದ ‘ಗುಣಮುಖ’ ನಾಟಕ.

‘ಗುಣಮುಖ’ದ ನಾಯಕ ನಾದಿರ್ ಶಾ. 1739ರಲ್ಲಿ ದೆಹಲಿಯನ್ನು ಸೂರೆಗೊಂಡ ಈ ದೊರೆಯ ಹೆಸರು ನಮ್ಮ ಕಡೆಗೂ ತೀರ ಪರಕೀಯವಲ್ಲ. ಅಂದು ಬೀದರವನ್ನು ಆಳುತ್ತಿದ್ದ ಆಸಫ್ ಜಾಹ್ ನಿಜಾಮನು ಮೊಗಲ್ ಬಾದಶಹನ ಪಾಳೆಯದಲ್ಲಿದ್ದು ಆ ಸೋಲನ್ನು ಕಣ್ಣಾರೆ ಕಂಡವನು. ನಾಟಕದಲ್ಲಿ ನಾದಿರ್ ರೋಗಿ. ಸುತ್ತಲಿನವರು ಹೆದರಿ ಅವನಿಗೆ ಹಿತವಾದದ್ದನ್ನೇ ಹೇಳುತ್ತಾರೆ. ಹಕೀಮ ಅಲಾವಿಖಾನನೊಬ್ಬನೇ ಹೆದರದೆ ನಾಡಿ ಹಿಡಿದು ಸತ್ಯ ಹೇಳುತ್ತಾನೆ. ಇವನನ್ನು ಬಿಜ್ಜಳನ ಪಕ್ಕದಲ್ಲಿಟ್ಟು ನೋಡಬೇಕು. ಬಿಜ್ಜಳನನ್ನು ಬರೆದಾಗ ಲಂಕೇಶರಿಗೆ ಅಧಿಕಾರವೆಂದರೆ ಎದುರು ಕುಳಿತು ವಾದಿಸಬೇಕಾದ ಪ್ರತಿಪಕ್ಷ. ನಾದಿರನನ್ನು ಬರೆಯುವ ಹೊತ್ತಿಗೆ ಅದೊಂದು ಕಾಯಿಲೆ. ಅದರ ಜ್ವರ, ನಿದ್ರೆಗೇಡು, ಭಯಗಳೆಲ್ಲ ಅವರಿಗೆ ಪರಿಚಿತ. ಗ್ರಂಥಗಳಿಂದ ಈ ಪರಿಚಯ ದೊರೆಯುವಂಥದಲ್ಲ. ಹದಿಮೂರು ವರ್ಷ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಅವರ ಹೊಗಳುಭಟ್ಟರನ್ನೂ ವಾರಕ್ಕೊಮ್ಮೆ ಪರೀಕ್ಷಿಸಿದ ಸಂಪಾದಕ ಆ ಹಕೀಮನ ಹಿಂದೆ ನಿಂತಿದ್ದಾನೆ.

2000ದ ಜನವರಿ 25ರಂದು ತೀರಿಕೊಂಡಾಗಲೂ ಲಂಕೇಶರು ಆ ಪತ್ರಿಕೆಯ ಸಂಪಾದಕರಾಗಿಯೇ ಇದ್ದರು.