ಕ್ರಿಯಾಸಮಾಧಿ: ಮನೆತನದ ಇತಿಹಾಸಕ್ಕೆ ಆಧಾರ

ಲಿಂಗಾಯತ ಸಂಪ್ರದಾಯದಲ್ಲಿ ಲಿಂಗೈಕ್ಯರಾದವರನ್ನು ದಹಿಸುವುದಿಲ್ಲ. ವಿಭೂತಿ ಧಾರಣೆ ಮಾಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದು ವಾಡಿಕೆ. ರುದ್ರಭೂಮಿಯಲ್ಲಲ್ಲದೆ ಸ್ವಂತ ಹೊಲದಲ್ಲಿಯೂ ಸಮಾಧಿ ಮಾಡುವ ರೂಢಿಯಿರುವುದರಿಂದ, ಮನೆತನದ ಮೂಲ ಊರು, ಹಿಂದಿನ ಜಮೀನು, ತಲೆಮಾರುಗಳ ಅನುಕ್ರಮವನ್ನರಿಯಲು ಹಳೆಯ ಸಮಾಧಿಗಳು ನೆರವಾಗುತ್ತವೆ. ಉತ್ತರ ಕರ್ನಾಟಕದಲ್ಲಿ ಹೆಳವರು ಹೇಳುವ ವಂಶಾವಳಿಯನ್ನು ಇವುಗಳೊಂದಿಗೆ ತಾಳೆ ನೋಡಬಹುದು.

ಆದರೆ ಎಷ್ಟೋ ಸಮಾಧಿಗಳ ಮೇಲೆ ಹೆಸರಿಲ್ಲ. ಅವು ಯಾರವೆಂಬುದು ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿದೆ. ಹೊಲ ಪರರ ಪಾಲಾದರೆ, ಹಿರಿಯರು ಅಗಲಿದರೆ ಆ ಗುರುತೂ ಅಳಿಯುತ್ತದೆ. ಆದುದರಿಂದ ಸದ್ಭಕ್ತರು ಪುಣ್ಯಸ್ಮರಣೆಗೆಂದು ಸಮಾಧಿಗೆ ಹೋದಾಗ ಹಿರಿಯರನ್ನು ಕೇಳಿ, ಲಿಂಗೈಕ್ಯರ ಹೆಸರು, ಸಂಬಂಧ, ಹೊಲದ ಸರ್ವೆ ನಂಬರುಗಳನ್ನು ಬರೆದಿಡಬೇಕು.