ರೆಟರಿಕ್

ರೆಟರಿಕ್: ಕೇಳುವವರ ಮನವೊಲಿಸುವಂತೆ ಮಾತನ್ನು ಕಟ್ಟುವ ಕಲೆ, ಆ ಕಲೆಯನ್ನು ವಿವರಿಸುವ ಶಾಸ್ತ್ರವೂ ಹೌದು. ಸಾರ್ವಜನಿಕ ಸಭೆಯಲ್ಲಿ ಮಾತನಾಡುವವನನ್ನು ಗ್ರೀಕರು ರೇಟೋರ್ ಎನ್ನುತ್ತಿದ್ದರು, ಅವನ ವಿದ್ಯೆ ರೇಟೋರಿಕೆ. ಇಂದಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ಪದ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬೈಗುಳದ ರೂಪದಲ್ಲಿ. ಒಬ್ಬ ರಾಜಕಾರಣಿಯ ಭಾಷಣವನ್ನು ರೆಟರಿಕ್ ಎಂದರೆ ಅದರಲ್ಲಿ ಸದ್ದಿದೆ, ಸರಕಿಲ್ಲ ಎಂದರ್ಥ. ಉತ್ತರ ಬೇಡದೆ ಕೇಳುವ ಪ್ರಶ್ನೆಗೂ ('ಇದನ್ನು ಯಾರು ತಾನೇ ಒಪ್ಪುತ್ತಾರೆ?') ಇಂಗ್ಲಿಷಿನಲ್ಲಿ ಇದೇ ಪದದ ವಿಶೇಷಣ ಅಂಟಿಕೊಂಡಿದೆ. ಆದರೆ ಸುಮಾರು ಎರಡು ಸಾವಿರ ವರ್ಷ ಯುರೋಪಿನಲ್ಲಿ ಓದಿದವನೆಂದರೆ ರೆಟರಿಕ್ ಕಲಿತವನೇ.

ಈ ವಿದ್ಯೆ ಹುಟ್ಟಿದ್ದು ಸಿಸಿಲಿ ದ್ವೀಪದ ಸಿರಕ್ಯೂಸ್‌ನಲ್ಲಿ ಎಂಬುದು ಹಳೆಯ ಐತಿಹ್ಯ. ಕ್ರಿ.ಪೂ. 5ನೆಯ ಶತಮಾನದಲ್ಲಿ ಅಲ್ಲಿನ ನಿರಂಕುಶಾಧಿಕಾರ ಉರುಳಿದಾಗ, ಕಳೆದುಕೊಂಡ ಜಮೀನು ಮರಳಿ ಪಡೆಯಲು ಜನ ವ್ಯಾಜ್ಯ ಹೂಡಿದರಂತೆ; ಅವರಿಗೆ ವಾದಿಸುವುದನ್ನು ಕೊರಾಕ್ಸ್ ಮತ್ತು ಟಿಸಿಯಸ್ ಎಂಬಿಬ್ಬರು ಕಲಿಸಿದರಂತೆ. ವಿವರಗಳು ಏನೇ ಇರಲಿ, ಜಮೀನಿನ ತಕರಾರಿನಿಂದ ಒಂದು ಶಾಸ್ತ್ರ ಹುಟ್ಟಿತೆಂದರೆ ನಂಬದಿರುವುದು ಕಷ್ಟ.

ಅಥೆನ್ಸಿಗೆ ಬಂದಮೇಲೆ ಇದಕ್ಕೆ ನಿಜವಾದ ನೆಲೆ ಸಿಕ್ಕಿತು. ಅಲ್ಲಿನ ನ್ಯಾಯಾಲಯಗಳಲ್ಲಿ ಇಂದಿನ ಅರ್ಥದ ವಕೀಲರಿರಲಿಲ್ಲ, ವೃತ್ತಿನಿರತ ನ್ಯಾಯಾಧೀಶರೂ ಇರಲಿಲ್ಲ. ಚೀಟಿ ಎತ್ತಿ ಆರಿಸಿದ 201 ಅಥವಾ 501 ಮಂದಿ ನಾಗರಿಕರೆದುರು ಕಕ್ಷಿದಾರ ತಾನೇ ನಿಂತು ಮಾತನಾಡಬೇಕಿತ್ತು. ಕಾಲ ಅಳೆಯಲು ತಳದಲ್ಲಿ ತೂತಿದ್ದ ನೀರಿನ ಪಾತ್ರೆ. ಅಥೆನ್ಸಿನ ಅಗೋರಾದ ಉತ್ಖನನದಲ್ಲಿ ಸಿಕ್ಕಿರುವ ಅಂಥದೊಂದು ಮಣ್ಣಿನ ಪಾತ್ರೆ ಬರಿದಾಗಲು ಸುಮಾರು 6 ನಿಮಿಷ ಸಾಕು. ಮಾತು ಬಾರದವನು ಹಣ ಕೊಟ್ಟು ಭಾಷಣ ಬರೆಸಿಕೊಂಡು ಬಾಯಿಪಾಠ ಮಾಡುತ್ತಿದ್ದ. ಹೀಗೆ ಬರೆದುಕೊಡುವವರಲ್ಲಿ ಲೈಸಿಯಸ್ ಹೆಸರುವಾಸಿ. ಹೆಂಡತಿಯ ಪ್ರಿಯಕರನನ್ನು ಕೊಂದ ಒಬ್ಬ ಗೃಹಸ್ಥನಿಗೆ ಅವನು ಬರೆದುಕೊಟ್ಟ ಭಾಷಣ ಉಳಿದಿದೆ. ಅದರಲ್ಲಿ ಆಡಂಬರದ ಒಂದು ಮಾತೂ ಇಲ್ಲ. ಮಗು ಹುಟ್ಟಿದ ಮೇಲೆ ಅದಕ್ಕೆ ನೀರೆರೆಯಲು ಹೆಂಡತಿ ಏಣಿ ಇಳಿದು ಬರುವುದು ಬೇಡವೆಂದು ತಾನು ಮಹಡಿಗೆ ಹೋದದ್ದು, ರಾತ್ರಿ ಮಗು ಅತ್ತದ್ದು, ಅದನ್ನು ಕೆಲಸದವಳು ಬೇಕೆಂದೇ ಅಳಿಸಿದ್ದೆಂದು ಆಮೇಲೆ ತಿಳಿದದ್ದು, ಎಲ್ಲವನ್ನೂ ಆ ಗಂಡ ಮುಗ್ಧನಂತೆ ಹೇಳಿಕೊಂಡು ಹೋಗುತ್ತಾನೆ. ಇಷ್ಟು ಸಾದಾ ಮನುಷ್ಯ ಸಂಚು ಹೂಡಿ ಕೊಂದಾನೇ ಎಂದು ಕೇಳುವವರಿಗೆ ಅನ್ನಿಸಬೇಕು. ಲೈಸಿಯಸ್‌ನ ಜಾಣ್ಮೆಯೆಲ್ಲ ಅಲ್ಲಿದೆ.

ಕ್ರಿ.ಪೂ. 427ರಲ್ಲಿ ಸಿಸಿಲಿಯಿಂದ ರಾಯಭಾರಿಯಾಗಿ ಬಂದ ಗಾರ್ಜಿಯಸ್ ಪ್ರಾಸ, ಸಮತೂಕದ ವಾಕ್ಯಗಳಿಂದ ಅಥೆನ್ಸನ್ನು ಮರುಳು ಮಾಡಿದ. ಟ್ರಾಯ್ ಯುದ್ಧಕ್ಕೆ ಕಾರಣಳಾದ ಹೆಲೆನ್‌ಳದು ತಪ್ಪಿಲ್ಲ, ಮಾತಿಗೆ ಮರುಳಾದವಳು ಬಲಾತ್ಕಾರಕ್ಕೆ ಸಿಕ್ಕವಳಿಗೆ ಸಮ ಎಂದು ವಾದಿಸಿ, ಕೊನೆಗೆ ಇದೆಲ್ಲ ನನ್ನ ಆಟ ಎಂದ. ಪ್ಲೇಟೊನಿಗೆ ಸಿಟ್ಟು ಬಂದದ್ದು ಇಂಥದ್ದಕ್ಕೇ. ಗಾರ್ಜಿಯಸ್‌ನ ಹೆಸರಿನದೇ ಸಂವಾದದಲ್ಲಿ ಪ್ಲೇಟೊ, ವೈದ್ಯಕ್ಕೆ ಅಡುಗೆ ಹೇಗೋ ನ್ಯಾಯಕ್ಕೆ ರೆಟರಿಕ್ ಹಾಗೆ, ನಾಲಿಗೆಗೆ ಹಿತ, ದೇಹದ ಒಳಿತು ತಿಳಿಯದು ಎಂದು ಸಾಕ್ರಟೀಸ್‌ನ ಬಾಯಲ್ಲಿ ಹೇಳಿಸಿದ. ಪ್ಲೇಟೊನ ಶಿಷ್ಯ ಅರಿಸ್ಟಾಟಲ್ ಇಷ್ಟು ಬಿರುಸಾಗಲಿಲ್ಲ. ಯಾವುದೇ ವಿಷಯದಲ್ಲಿ ಒಪ್ಪಿಸಲು ಏನೇನು ದಾರಿಗಳಿವೆ ಎಂದು ಕಾಣುವ ಶಕ್ತಿಯೇ ರೆಟರಿಕ್ ಎಂದು ಹೇಳಿ, ಮಾತನಾಡುವವನ ನಡತೆಯ ಮೇಲಿನ ನಂಬಿಕೆ, ಕೇಳುವವರ ಭಾವ, ತರ್ಕ ಎಂಬ ಮೂರು ಆಧಾರಗಳನ್ನು ಹೆಸರಿಸಿದ. ಇಂದಿನ ಜಾಹೀರಾತು ತರಗತಿಗಳಲ್ಲೂ ಇವು ನಡೆಯುತ್ತಿವೆ.

ರೋಮನರು ಶಾಸ್ತ್ರವನ್ನು ಪಾಠಕ್ರಮವಾಗಿಸಿದರು. ಹೇಳಬೇಕಾದ್ದನ್ನು ಹುಡುಕುವುದು, ಜೋಡಿಸುವುದು, ಶೈಲಿ, ನೆನಪು, ಹೇಳುವ ರೀತಿ ಎಂಬ ಐದು ಅಂಗಗಳನ್ನು ಸಿಸೆರೊ ವಿವರಿಸಿದ. ರಾಜಕೀಯ ವೈರಿ ಆ್ಯಂಟನಿಯ ವಿರುದ್ಧ ಮಾಡಿದ ಭಾಷಣಗಳಿಗೆ ಪ್ರತಿಯಾಗಿ ಕ್ರಿ.ಪೂ. 43ರಲ್ಲಿ ಅವನ ಕೊಲೆಯಾಯಿತು. ತಲೆಯನ್ನೂ ಕೈಯನ್ನೂ ರೋಮಿನ ಭಾಷಣ ವೇದಿಕೆಯ ಮೇಲೆಯೇ ಇಟ್ಟರು. ಕ್ವಿಂಟಿಲಿಯನ್ ಸರ್ಕಾರಿ ಸಂಬಳ ಪಡೆದ ರೆಟರಿಕ್ ಮೇಷ್ಟರು. ಮಧ್ಯಯುಗದಲ್ಲಿ ವ್ಯಾಕರಣ, ತರ್ಕಗಳ ಜೊತೆ ಇದು ಮೂರನೆಯ ಪಾಠವಾಗಿ ಉಳಿದು, ಹೆಚ್ಚಾಗಿ ಕಾಗದಪತ್ರ ಬರೆಯುವ ಕಲೆಯಾಗಿ ಬಳಕೆಯಾಯಿತು.

ಪದದ ಮರ್ಯಾದೆ ಕುಂದಿದ್ದಕ್ಕೆ ಸುಳ್ಳು ಹೇಳುವ ರಾಜಕಾರಣಿಗಳಷ್ಟೇ ಕಾರಣರಲ್ಲ. 16ನೆಯ ಶತಮಾನದ ಪ್ಯಾರಿಸ್ಸಿನ ಅಧ್ಯಾಪಕ ಪೀಟರ್ ರೇಮಸ್ ಪಾಠಗಳನ್ನು ಹೊಸದಾಗಿ ಹಂಚುವಾಗ ವಾದವನ್ನು ಹುಡುಕುವುದು, ಜೋಡಿಸುವುದು ಎರಡನ್ನೂ ತರ್ಕಶಾಸ್ತ್ರಕ್ಕೆ ಕೊಟ್ಟುಬಿಟ್ಟ. ರೆಟರಿಕ್ಕಿಗೆ ಉಳಿದದ್ದು ಶೈಲಿ ಮತ್ತು ಹೇಳುವ ರೀತಿ. ಯೋಚನೆಯ ಕೆಲಸ ಕೈಬಿಟ್ಟುಹೋದ ಶಾಸ್ತ್ರಕ್ಕೆ ಅಲಂಕಾರದ ಅಪವಾದ ತಪ್ಪಲಿಲ್ಲ. ಮುಂದಿನ ಶತಮಾನದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿಜ್ಞಾನಿಗಳ ಪರವಾಗಿ ಥಾಮಸ್ ಸ್ಪ್ರಾಟ್ 1667ರಲ್ಲಿ ಬಣ್ಣದ ಮಾತನ್ನು ಹಳಿದ. ತತ್ತ್ವಜ್ಞಾನಿ ಜಾನ್ ಲಾಕ್ ಅದನ್ನು ಭ್ರಾಂತಿ ಮತ್ತು ವಂಚನೆಯ ಸಾಧನ ಎಂದೇ ಕರೆದ. ವಿನೋದವೆಂದರೆ, ವಾಗ್ಮಿತೆಯೂ ಸುಂದರಿಯರಂತೆ, ಅದರ ವಿರುದ್ಧ ಮಾತನಾಡಿದರೆ ಯಾರೂ ಸಹಿಸುವುದಿಲ್ಲ ಎಂದು ಲಾಕ್ ಅಲ್ಲಿಯೇ ಉಪಮೆಯ ಮೊರೆ ಹೋಗುತ್ತಾನೆ.

ಹೀಗೆ ಕಿರಿದಾದ ಅರ್ಥವೇ ಭಾರತಕ್ಕೂ ಬಂತು. ಇಂಗ್ಲಿಷಿನಲ್ಲಿ ಬರೆದ ಸಾಹಿತ್ಯ ಚರಿತ್ರೆಗಳು ನಮ್ಮ ಅಲಂಕಾರಶಾಸ್ತ್ರವನ್ನು ರೆಟರಿಕ್ ಎಂದು ಕರೆದವು. ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿದ 9ನೆಯ ಶತಮಾನದ ಕವಿರಾಜಮಾರ್ಗಕ್ಕೂ ಅದೇ ಹಣೆಪಟ್ಟಿ. ಆದರೆ ಕವಿರಾಜಮಾರ್ಗದ ವಿಷಯ ಕಾವ್ಯದ ಗುಣದೋಷ, ಶಬ್ದಾಲಂಕಾರ, ಅರ್ಥಾಲಂಕಾರ. ನ್ಯಾಯಾಲಯವಾಗಲಿ ಪೌರಸಭೆಯಾಗಲಿ ಅಲ್ಲ. ಗ್ರೀಕ್ ವಿದ್ಯೆಗೆ ಹೆಚ್ಚು ಹತ್ತಿರದ್ದು ವಾದ, ಜಲ್ಪ, ವಿತಂಡ ಎಂದು ಚರ್ಚೆಯನ್ನು ವಿಂಗಡಿಸಿದ ನ್ಯಾಯಸೂತ್ರ.

ಅತ್ತ ಬ್ರಿಟನ್ನಿನಲ್ಲಿ, 1762ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹ್ಯೂ ಬ್ಲೇರ್‌ಗಾಗಿ ರೆಟರಿಕ್ ಮತ್ತು ಲಲಿತ ಸಾಹಿತ್ಯದ ಪೀಠ ಆರಂಭವಾಯಿತು. ಇಂಗ್ಲಿಷ್ ಸಾಹಿತ್ಯ ವಿಭಾಗಗಳ ಪೂರ್ವಜರಲ್ಲಿ ಅದೂ ಒಂದು. ಶಾಸ್ತ್ರ ಹಳೆಯ ಹರವನ್ನು ಮರಳಿ ಪಡೆದದ್ದು 20ನೆಯ ಶತಮಾನದಲ್ಲಿ. ವಿಮರ್ಶಕ ಐ.ಎ. ರಿಚರ್ಡ್ಸ್ 1936ರಲ್ಲಿ ಅದನ್ನು ಅಪಾರ್ಥ ಹೇಗೆ ಹುಟ್ಟುತ್ತದೆಂಬುದರ ಅಧ್ಯಯನವಾಗಿ ಕಂಡ. 1939ರಲ್ಲಿ ಅಮೆರಿಕದ ಕೆನೆತ್ ಬರ್ಕ್ ಹಿಟ್ಲರನ ಆತ್ಮಕಥೆಯನ್ನು ಕೈಗೆತ್ತಿಕೊಂಡ. ಅದನ್ನು ಬೈದು ಮೂಲೆಗೆ ಎಸೆದವರ ಬಗ್ಗೆ ಅವನಿಗೆ ಅಸಮಾಧಾನವಿತ್ತು. ಒಂದೇ ಶತ್ರುವನ್ನು ತೋರಿಸುವುದು, ಅವನ ಮೇಲೆ ಎಲ್ಲ ಕಷ್ಟಗಳನ್ನು ಹೊರಿಸುವುದು, ಧರ್ಮದ ಭಾಷೆಯನ್ನು ತಿರುಚಿಕೊಳ್ಳುವುದು, ಈ ಮಾತುಗಳು ಕೋಟ್ಯಂತರ ಜನರ ಮೇಲೆ ಹೇಗೆ ಕೆಲಸ ಮಾಡಿದವೆಂದು ತಿಳಿಯದಿದ್ದರೆ ಅಂಥದ್ದೇ ಮದ್ದು ಅಮೆರಿಕದಲ್ಲಿ ತಯಾರಾದಾಗ ಗುರುತಿಸಲಾಗದು ಎಂಬುದು ಬರ್ಕ್‌ನ ವಾದ.