ಕೆರೆ ಮೊದಲು, ಕುದುರೆ ಆಮೇಲೆ: ಮೊಬೈಲ್ ಆಟಕ್ಕೆ ಪುಲಿಗೆರೆ ನಾಡಿನ ಲೆಕ್ಕ

ಹೋದ ದೀಪಾವಳಿ ರಜೆಗೆ ನಾವೆಲ್ಲ ಶಿಗ್ಲಿಯಲ್ಲಿ ಸೇರಿದ್ದೆವು. ನಮ್ಮ ಬಳಗದ ಒಬ್ಬರ ತಮ್ಮ, ಪಿಯುಸಿ ಹುಡುಗ, ಮನೆ ಮುಂದಿನ ಕಟ್ಟೆ ಮೇಲೆ ಮೊಬೈಲ್ ಹಿಡಿದು ಕೂತಿದ್ದ. ಒಳಗೆ ಮಗ್ಗದ ಸದ್ದು. ಮೂರು ಸಲ ಚಾ ಬಂದರೂ ತಲೆ ಎತ್ತಲಿಲ್ಲ. ಕೊನೆಗೆ ಮೊಬೈಲ್ ಪಕ್ಕಕ್ಕೆ ಎಸೆದು, "ಅಣ್ಣಾ, ಈ ಕಂಪ್ಯೂಟರ್ ಮೋಸ ಮಾಡಾಕತ್ತೈತಿ. ನಾ ಎರಡು ಊರು ಕಟ್ಟೂದ್ರಾಗ ಅದು ಆರು ಕಟ್ಟಿರತೈತಿ" ಅಂದ.

ಆಟದ ಹೆಸರು ಅನ್‌ಸಿವ್. ಸಿಡ್ ಮೈಯರ್ 1991ರಲ್ಲಿ ಹೊರತಂದ 'ಸಿವಿಲೈಸೇಶನ್' ಆಟದ ಸರಣಿಯಲ್ಲಿ ಐದನೆಯದನ್ನು ನೋಡಿ ಕೆಲವರು ಮೊಬೈಲ್‌ಗೆಂದು ಮಾಡಿದ ಆಟ ಇದು. ದುಡ್ಡಿಲ್ಲ, ನೆಟ್ ಬೇಕಿಲ್ಲ, ಹಳೇ ಮೊಬೈಲ್‌ನಲ್ಲೂ ನಡೆಯುತ್ತದೆ. ಕ್ರಿಸ್ತಪೂರ್ವ 4000ದಲ್ಲಿ ಒಂದು ಊರು ಕಟ್ಟುವ ತಂಡ, ಒಬ್ಬ ಯೋಧ, ಇಷ್ಟೇ ನಿಮ್ಮ ಕೈಯಲ್ಲಿ. ಅಲ್ಲಿಂದ ಊರು, ಹೊಲ, ರಸ್ತೆ, ವಿದ್ಯೆ, ಸೈನ್ಯ ಅಂತ ಬೆಳೆಸಿಕೊಂಡು ಹೋಗಬೇಕು. ಎದುರಿಗೆ ಕಂಪ್ಯೂಟರ್ ಆಡಿಸುವ ರಾಜರು.

ಹುಡುಗ ಏನು ಮಾಡಿದ್ದ ಅಂತ ನೋಡಿದೆವು. ಮೊದಲ ಐವತ್ತು ಸರದಿ ಬರೀ ಸೈನಿಕರನ್ನೇ ತಯಾರು ಮಾಡಿದ್ದ. ಐದು ಯೋಧರು, ಎರಡು ಕುದುರೆ ದಳ. ಹೊಲ ಮಾಡುವ ಕೂಲಿಯಾಳು ಒಬ್ಬನೇ. ಖಜಾನೆ ಖಾಲಿ, ರಾಜಧಾನಿಯಲ್ಲಿ ಜನ ಮೂರೇ. ಸಿನಿಮಾ ನೋಡಿ ಬೆಳೆದವರೆಲ್ಲ ಮೊದಲು ಹೀಗೇ ಆಡುವುದು. ನಾವೂ ಕಾಲೇಜು ಹಾಸ್ಟೆಲ್‌ನಲ್ಲಿ ಹೀಗೇ ಆಡಿ ಸೋತವರು.

ಮೋಸದ ಮಾತಿನಲ್ಲಿ ಅರ್ಧ ಸತ್ಯ ಇದೆ. ಆಟದಲ್ಲಿ 'ಪ್ರಿನ್ಸ್' ಎಂಬ ಹಂತ ಇಬ್ಬರಿಗೂ ಸಮ. ಅದಕ್ಕಿಂತ ಮೇಲೆ ಹೋದ ಹಾಗೆ ಕಂಪ್ಯೂಟರಿನ ಬುದ್ಧಿ ಹೆಚ್ಚುವುದಿಲ್ಲ, ಅದಕ್ಕೆ ರಿಯಾಯಿತಿ ಹೆಚ್ಚುತ್ತದೆ: ಕಡಿಮೆ ಖರ್ಚಿನ ಕಟ್ಟಡ, ಶುರುವಿನಲ್ಲೇ ಹೆಚ್ಚಿನ ಆಳು. ದೊಡ್ಡ ಮನೆತನದಲ್ಲಿ ಹುಟ್ಟಿದವನ ಜೊತೆ ಬರಿಗೈಲಿ ಓಡಿದ ಹಾಗೆ. ಅವನ ಗಂಟಿಗೆ ಗಂಟು ಸೇರಿಸಲು ಹೋದರೆ ಸೋಲು ಖಚಿತ. ಅವನು ಮರೆತದ್ದನ್ನು ನೀವು ಮಾಡಬೇಕು.

ಇದನ್ನು ಹೇಳಿಕೊಡಲು ನಮಗೆ ಬೇರೆ ಪುಸ್ತಕ ಬೇಕಾಗಲಿಲ್ಲ. ಪಕ್ಕದ ಲಕ್ಷ್ಮೇಶ್ವರವೇ ಸಾಕಾಯಿತು.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಹೆಸರಿನ ಕೊನೆಯಲ್ಲೇ ಕೆರೆ ಇದೆ, ಗಮನಿಸಿ. ಸುತ್ತಲಿನ ನಾಡು ಪುಲಿಗೆರೆ-300. ಅದರ ಮಗ್ಗುಲಿಗೆ ಗದಗ, ಅಣ್ಣಿಗೇರಿ ಕಡೆಯ ಬೆಳ್ವೊಲ-300. ಶಾಸನಗಳು ಇವೆರಡನ್ನೂ ಕೂಡಿಸಿ 'ಎರಡರುನೂರು' ಅನ್ನುತ್ತವೆ. ಬೆಳ್ವೊಲ ಅಂದರೆ ಬೆಳೆಯ ಹೊಲ ಎಂದು ಬಿಡಿಸಿ ಹೇಳುವುದುಂಟು. ರಾಜರಿಗೆ ಈ ನಾಡಿನ ಮೇಲೆ ಎಷ್ಟು ಆಸೆ ಇತ್ತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ. ಅವನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಮೂರನೇ ಕೃಷ್ಣ ಇನಾಮು ಕೊಟ್ಟ. ಬನವಾಸಿ, ಕಿಸುಕಾಡು, ಬಾಗೆನಾಡುಗಳ ಜೊತೆಗೆ ಬೆಳ್ವೊಲ-300, ಪುಲಿಗೆರೆ-300 ಕೂಡ ಆ ಪಟ್ಟಿಯಲ್ಲಿವೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ ಇದನ್ನು ಕೆತ್ತಿದ್ದಾರೆ. ಅದೇ ಕಲ್ಲಿನಲ್ಲಿ ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಕಥೆಯೂ ಇದೆ. ನಮ್ಮ ನಾಡು ಒಂದು ನಾಯಿಯ ವೀರಗಲ್ಲಿನಲ್ಲಿ ಇನಾಮಾಗಿ ನಮೂದಾಗಿದೆ, ಏನು ಮಾಡೋಣ.

ಸರಿ, ಆಟಕ್ಕೆ ಬರೋಣ. ಮೊದಲ ಊರನ್ನು ನೀರಿನ ಪಕ್ಕ ಕಟ್ಟಬೇಕು, ತಡ ಮಾಡಬಾರದು. ಒಳ್ಳೆ ಜಾಗ ಹುಡುಕುತ್ತ ಹತ್ತು ಸರದಿ ಅಲೆದರೆ ಹತ್ತು ಸರದಿಯ ಬೆಳೆ ಹೋಯಿತು. ಊರಿನ ಒಬ್ಬೊಬ್ಬ ಮನುಷ್ಯ ಒಂದೊಂದು ತುಂಡು ನೆಲದಲ್ಲಿ ದುಡಿಯುತ್ತಾನೆ. ಅನ್ನ ಹೆಚ್ಚಾದರೆ ಜನ ಹೆಚ್ಚು, ಜನ ಹೆಚ್ಚಾದರೆ ವಿದ್ಯೆ ಹೆಚ್ಚು, ವಿದ್ಯೆ ಮುಂದಿದ್ದರೆ ಎದುರಾಳಿಯ ಬಿಲ್ಲಿನ ಮುಂದೆ ನಿಮ್ಮ ತೋಪು ನಿಲ್ಲುತ್ತದೆ. ಎಲ್ಲದರ ಬುಡ ಅನ್ನ. ಅದಕ್ಕೇ ಎರಡನೇ ಸೈನಿಕನಿಗಿಂತ ಮೊದಲು ಕೂಲಿಯಾಳು ಬೇಕು. ಹೊಸ ಊರು ಕಟ್ಟುವ ತಂಡವನ್ನು ತಯಾರಿಸುವಾಗ ತಾಯಿ ಊರು ಬೆಳೆಯುವುದಿಲ್ಲ, ಆದರೂ ಮೊದಮೊದಲಿಗೇ ಎರಡು ಮೂರು ತಂಡ ಕಳಿಸಿಬಿಡಬೇಕು. ಖಾಲಿ ನೆಲ ನಿಮಗಾಗಿ ಕಾಯುವುದಿಲ್ಲ.

ನಮ್ಮ ಬಯಲು ಸೀಮೆಯ ಜನ ಮಾಡಿದ್ದೂ ಇದನ್ನೇ. ಹೊಳೆ ಇಲ್ಲದ ಕಡೆ ಮಳೆ ನೀರು ಹಿಡಿದರು. ಲಕ್ಷ್ಮೇಶ್ವರದಿಂದ ಗದಗಿಗೆ ಹೋಗುವಾಗ ಸಿಗುವ ಮಾಗಡಿ ಕೆರೆ ನೋಡಿ. ಹೊಲಕ್ಕೆಂದು ಮಳೆ ನೀರು ನಿಲ್ಲಿಸಿದ ಕೆರೆ ಅದು. ಈಗ ಚಳಿಗಾಲದಲ್ಲಿ ಮಂಗೋಲಿಯಾ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ, 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು.

ಇಷ್ಟು ಹೇಳುವಷ್ಟರಲ್ಲಿ ಹುಡುಗ ಕೇಳಿದ: "ಸೈನ್ಯ ಇಲ್ಲಂದ್ರ ಪಕ್ಕದಾವ ಬಂದು ಬಡಿಯೂದಿಲ್ಲೇನು?" ಬಡಿಯುತ್ತಾನೆ. ಆ ಪ್ರಶ್ನೆಗೆ ಉತ್ತರ 1007ನೇ ಇಸವಿಯಲ್ಲಿದೆ.

ಆಗ ಇಲ್ಲಿ ಕಲ್ಯಾಣ ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನ ಆಳ್ವಿಕೆ. ತೆಂಕಣದಲ್ಲಿ ತಂಜಾವೂರಿನ ಚೋಳರು, ಆ ಕಾಲದ 'ಕೊನೇ ಹಂತದ ಕಂಪ್ಯೂಟರ್' ಅನ್ನಬಹುದು. ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ ಹೇಳುವಂತೆ ಚೋಳರು ಒಂಬತ್ತು ಲಕ್ಷ ಸೈನ್ಯದೊಂದಿಗೆ ನುಗ್ಗಿ, ಈಗಿನ ವಿಜಯಪುರ ಸೀಮೆಯ ದೋಣೂರಿನವರೆಗೆ ಬಂದು ನಾಡನ್ನು ಸೂರೆ ಮಾಡಿದರು. ಸತ್ಯಾಶ್ರಯ ಅವರನ್ನು ಹಿಂದಕ್ಕಟ್ಟಿದ. ಒಂಬತ್ತು ಲಕ್ಷ ಅನ್ನುವುದು ಕಲ್ಲು ಕೆತ್ತಿಸಿದವರ ಉತ್ಪ್ರೇಕ್ಷೆ, ಅಷ್ಟು ಜನಕ್ಕೆ ಅನ್ನ ಹಾಕುವುದೇ ಆಗದ ಮಾತು. ಆದರೆ ಹೆಂಗಸರು, ಮಕ್ಕಳು ಪಟ್ಟ ಪಾಡನ್ನೂ ಆ ಶಾಸನ ಹೇಳುತ್ತದೆ. ಅದನ್ನು ಉತ್ಪ್ರೇಕ್ಷೆ ಅಂತ ಬದಿಗಿಡಲು ನಮಗೆ ಮನಸ್ಸಿಲ್ಲ.

ಅದೇ 1007ರಲ್ಲಿ ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ಏನಾಯಿತು ಗೊತ್ತೇ? ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದಳು. ಗಂಡ ನಾಗದೇವ ಯುದ್ಧದಲ್ಲಿ ತೀರಿಹೋಗಿದ್ದ. ಈಕೆ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಓಲೆ ಪ್ರತಿ ಬರೆಯಿಸಿ ಹಂಚಿದವಳು, ರನ್ನನಿಂದ ಅಜಿತಪುರಾಣ ಬರೆಸಿದವಳು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ! ಪ್ರತಿಯೊಂದನ್ನೂ ಒಬ್ಬ ಮನುಷ್ಯ ಕೂತು ಕಂಠದಿಂದ ಗೀರಬೇಕು. ಆಟದಲ್ಲಿ 'ಲೈಬ್ರರಿ' ಕಟ್ಟುವ ಗುಂಡಿ ಒತ್ತುವಾಗಲೆಲ್ಲ ನಮಗೆ ಈಕೆ ನೆನಪಾಗುತ್ತಾಳೆ.

ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು, ಅಲ್ಲಿನ ನಾಣ್ಯಕ್ಕೆ ಲೊಕ್ಕಿಗದ್ಯಾಣ ಎಂದೇ ಹೆಸರು. ಮುಂಡರಗಿ ತಾಲೂಕಿನ ಡಂಬಳದಲ್ಲಿ 1095ರ ಹೊತ್ತಿಗೆ ಹದಿನಾರು ಜನ ಸೆಟ್ಟಿಗಳು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದರೆಂದು ಅಲ್ಲಿನ ಶಾಸನ ಹೇಳುತ್ತದೆ. ವ್ಯಾಪಾರದ ಹಣ ರಾಜನ ಅಪ್ಪಣೆಗೆ ಕಾಯದೆ ಊರು ಕಟ್ಟುತ್ತಿತ್ತು. ಸೂರೆಯಾದ ನಾಡು ಮತ್ತೆ ಎದ್ದು ನಿಂತದ್ದು ಇಂಥ ಊರುಗಳ ಬಲದಿಂದ ಅಂತ ನಮ್ಮ ಅಭಿಪ್ರಾಯ.

ಆದ್ದರಿಂದ ಹುಡುಗನಿಗೆ ನಾವು ಹೇಳಿದ್ದು: ಸೈನ್ಯ ಇರಲಿ, ಆದರೆ ಎಣಿಸಿ ಇರಲಿ. ಕಂಪ್ಯೂಟರ್ ನಿಮ್ಮ ದಂಡಿನ ಬಲವನ್ನು ತೂಗಿ ನೋಡುತ್ತದೆ, ತೀರಾ ಬಡಕಲಾದರೆ ಯುದ್ಧ ಸಾರುತ್ತದೆ. ಗಡಿಯ ಊರಿನಲ್ಲಿ ಗೋಡೆ, ಅದರೊಳಗೆ ಇಬ್ಬರು ಬಿಲ್ಲುಗಾರರು. ಗುಡ್ಡ, ಹೊಳೆ ಅಡ್ಡ ಇಟ್ಟುಕೊಂಡು ನಿಂತರೆ ಮೂರು ಪಟ್ಟು ದಂಡನ್ನೂ ತಡೆಯಬಹುದು, ಯಾಕೆಂದರೆ ಕಂಪ್ಯೂಟರಿಗೆ ದಂಡು ಕೂಡಿಸಲು ಬರುತ್ತದೆ, ನಡೆಸಲು ಬರುವುದಿಲ್ಲ. ಮಿಕ್ಕ ದುಡ್ಡೆಲ್ಲ ಲೈಬ್ರರಿ, ಮಾರುಕಟ್ಟೆ, ರಾಜಧಾನಿಗೆ ರಸ್ತೆ.

ಇನ್ನು ಆಟದಲ್ಲಿ 'ಪಾಲಿಸಿ' ಅಂತ ಒಂದಿದೆ, ಹೊಸಬರು ಅದನ್ನು ತೆರೆದೂ ನೋಡುವುದಿಲ್ಲ. ನಮ್ಮ ಹುಡುಗ ನಲವತ್ತು ಸರದಿ ಹಾಗೇ ಬಿಟ್ಟಿದ್ದ. ಇದಕ್ಕೂ ಲಕ್ಷ್ಮೇಶ್ವರದಲ್ಲೇ ಉದಾಹರಣೆ ಉಂಟು. ಸುಮಾರು 725ರಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪುಲಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಊರಿನ ಎಲ್ಲ ಕಸುಬಿನವರಿಗೂ, ಒಂದು 'ಆಚಾರ ವ್ಯವಸ್ಥೆ' ಬರೆದುಕೊಟ್ಟ. ರಾಜನ ಅಧಿಕಾರಿಗಳು ಏನನ್ನು ಕಾಪಾಡಬೇಕು, ಜನ ಏನು ಕೊಡಬೇಕು ಎಂಬುದೆಲ್ಲ ಕಲ್ಲಿನಲ್ಲಿದೆ. ತೆರಿಗೆ ಮನೆಯ ಸ್ಥಿತಿಗೆ ತಕ್ಕಂತೆ, ಉಳ್ಳವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ. ಇಂಥ ಬರಹ ಕಲ್ಲಿನಲ್ಲಿದ್ದರೆ ಅಧಿಕಾರಿ ಬದಲಾದರೂ ಮಾತು ಬದಲಿಸುವುದು ಕಷ್ಟ. ಈಗ ಯಾವ ಕಚೇರಿಯಲ್ಲಿ ಎಷ್ಟು ಶುಲ್ಕ ಅಂತ ಗೋಡೆ ಮೇಲೆ ಬರೆಸಲು ನಾವು ಅರ್ಜಿ ಹಾಕಿ ಓಡಾಡುವಾಗ ಈ ಕಲ್ಲು ನೆನಪಾಗಿ ನಗು ಬರುತ್ತದೆ.

ಗೆದ್ದ ಮೇಲೂ ಗೊತ್ತಿರಬೇಕಾದ್ದೊಂದಿದೆ. ಶತ್ರುವಿನ ಊರು ಹಿಡಿದರೆ ಆಟದಲ್ಲಿ ಅಸಮಾಧಾನ ಏರುತ್ತದೆ, ಕೆಲವು ಸರದಿ ಆ ಊರು ಏನನ್ನೂ ಕೊಡುವುದಿಲ್ಲ. ಬೇಡವೆನಿಸಿದರೆ ಊರನ್ನು ಸುಟ್ಟು ಹಾಕುವ ಗುಂಡಿಯೂ ಇದೆ. ಹುಡುಗ ಅದನ್ನು ಎರಡು ಸಲ ಒತ್ತಿದ್ದ. ನಾವು ಅವನಿಗೆ ಗದಗ ತಾಲೂಕಿನ ಗಾವರವಾಡದ ಶಾಸನದ ಕಥೆ ಹೇಳಿದೆವು. ಬೂತುಗನ ನೆನಪಿಗೆ ಅಣ್ಣಿಗೇರಿಯಲ್ಲಿ ಗಂಗ ಪೆರ್ಮಾಡಿ ಬಸದಿ ಇತ್ತು. ಚೋಳ ಬೆಳ್ವೊಲಕ್ಕೆ ಬಂದು ಬಸದಿಗಳನ್ನು ಸುಟ್ಟ. ಮುಂದೆ 1054ರ ಕೊಪ್ಪಂ ಯುದ್ಧದಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೇ ಸತ್ತ. ಸುಟ್ಟ ಬಸದಿ ಮತ್ತೆ ಎದ್ದದ್ದು, ಎರಡರುನೂರನ್ನು ಆಳುತ್ತಿದ್ದ ಲಕ್ಷ್ಮರಸನ ಕಾಲದಲ್ಲಿ, 1071ರ ಸುಮಾರಿಗೆ. ಆಟದಲ್ಲಿ ಒಂದು ಗುಂಡಿ, ಇಲ್ಲಿ ಒಂದು ತಲೆಮಾರು.

ಬರೀ ದಂಡಿನ ಮೇಲೆ ನಿಂತವರ ಕಥೆಯೂ ಇಲ್ಲೇ ಮುಗಿದಿದೆ. 1190ರ ಸುಮಾರಿಗೆ ಗದಗ ತಾಲೂಕಿನ ಸೊರಟೂರಿನ ಬಯಲಲ್ಲಿ ಹೊಯ್ಸಳ ಎರಡನೇ ಬಲ್ಲಾಳ ಸೇವುಣರ ಐದನೇ ಭಿಲ್ಲಮನನ್ನು ಸೋಲಿಸಿದ. ಇಬ್ಬರೂ ಚಾಲುಕ್ಯರ ಸಾಮಂತ ಮನೆತನದವರು. ದಣಿ ಬಿದ್ದ ಮೇಲೆ ಆಸ್ತಿಗೆ ಕಾದಾಡಿದರು. ಬಲ್ಲಾಳ ಲಕ್ಕುಂಡಿಯಲ್ಲೇ ಬಿಡಾರ ಹೂಡಿದ, ಆದರೆ ಕೆಲವೇ ದಶಕಗಳಲ್ಲಿ ಈ ನಾಡು ಮತ್ತೆ ಸೇವುಣರದಾಯಿತು. ಆಮೇಲೆ ಯಾರ್ಯಾರೋ ಬಂದರು. 1948ರವರೆಗೆ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ ಸೇರಿತ್ತು, ಹಿರಿಯರನ್ನು ಕೇಳಿದರೆ ಈಗಲೂ ಹೇಳುತ್ತಾರೆ.

ಹುಡುಗ ಹೊಸ ಆಟ ಶುರು ಮಾಡಿದ, 'ಪ್ರಿನ್ಸ್' ಹಂತದಲ್ಲಿ. ನಾವು ಊರು ಬಿಡುವ ಹೊತ್ತಿಗೆ ನೂರ ಇಪ್ಪತ್ತನೇ ಸರದಿ. ನಾಲ್ಕು ಊರು, ನಾಲ್ಕರಲ್ಲೂ ಲೈಬ್ರರಿ, ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ. ಊರಿನ ಹೆಸರು ಬದಲಿಸುವ ಸೌಕರ್ಯ ಆಟದಲ್ಲಿದೆ. ರಾಜಧಾನಿಗೆ ಪುಲಿಗೆರೆ ಅಂತ ಇಟ್ಟಿದ್ದ, ಎರಡನೆಯದಕ್ಕೆ ಲೊಕ್ಕಿಗುಂಡಿ. ಮೂರನೆಯದು ಶಿಗ್ಲಿ, ದೊಡ್ಡ ಹೊಳೆಯ ದಂಡೆ ಮೇಲೆ.

"ಶಿಗ್ಲಿಗೆ ಹೊಳಿ ಎಲ್ಲೈತೋ ತಮ್ಮಾ?" ಅಂದೆವು.

"ಆಟದಾಗಾದ್ರೂ ಇರಲಿ ಬಿಡ್ರಿ" ಅಂತ ಮುಂದಿನ ಸರದಿ ಒತ್ತಿದ.